ಮಕ್ಕಳ ಓದಿಗೆ ಬಂದ ಪೆಟ್ಟಿಗೆ

ನಮ್ಮ ಚಿಕ್ಕಪ್ಪನ ದೊಡ್ಡ ಮಗನ ಮದುವೆ ಇನ್ನೂ ಮುಗಿದಿಲ್ಲ. ತಾಳಿ ಕಟ್ಟಿ ಇಪ್ಪತ್ತು ವರ್ಷವಾಗುತ್ತಾ ಬಂತು, ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಆದರೂ ಮುಗಿದಿಲ್ಲ. ಫೋಟೋದವನು ಆ ಮದುವೆಯನ್ನು ಎರಡು ಸಿ.ಡಿ.ಗಳಲ್ಲಿ ಹಾಕಿಕೊಟ್ಟಿದ್ದ. ಮೊದಲನೆಯದರಲ್ಲಿ ಬೀಗರು ಬಸ್ಸಿಳಿಯುವುದು, ಎದುರುಗೊಳ್ಳುವುದು, ಉಪ್ಪಿಟ್ಟು, ಮತ್ತೆ ಉಪ್ಪಿಟ್ಟು. ಇನ್ನೇನು ಗಟ್ಟಿಮೇಳ ಅನ್ನುವಷ್ಟರಲ್ಲಿ ತಟ್ಟೆ ಖಾಲಿ. ತಾಳಿ ಇರುವುದು ಎರಡನೆಯದರಲ್ಲಿ. ಆ ಎರಡನೆಯದು ವಿ.ಸಿ.ಡಿ. ಪ್ಲೇಯರಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿದೆ. ಬಾಗಿಲು ತೆಗೆಯುತ್ತಿಲ್ಲ.

ಈ ಪ್ಲೇಯರು ಹೊರಕೆರೆದೇವಪುರಕ್ಕೆ, ಅಂದರೆ ನಮ್ಮ ಎಚ್‌.ಡಿ. ಪುರಕ್ಕೆ, 2002ರಲ್ಲಿ ಚಿತ್ರದುರ್ಗದಿಂದ ಬಸ್ಸಿನಲ್ಲಿ ಚಿಕ್ಕಪ್ಪನ ತೊಡೆಯ ಮೇಲೆ ಕೂತು ಬಂತು. ಅಡಿಕೆ ಮಾರಿದ ದುಡ್ಡು. ಅಂಗಡಿಯವನು ಬೆಲೆ ಹೇಳಿದಾಗ ಚಿಕ್ಕಪ್ಪ ಎದ್ದು ನಿಂತಿದ್ದರಂತೆ. ಆಗ ಅವನು ಎರಡೇ ಪದ ಹೇಳಿದ: "ಮಕ್ಕಳ ಓದಿಗೆ." ಚಿಕ್ಕಪ್ಪ ಮತ್ತೆ ಕೂತರು. ಡಬ್ಬದ ಮೇಲೆ ಸಿನಿಮಾ, ಹಾಡು, ಕರೋಕೆ, ಮುನ್ನೂರು ಆಟ ಎಂದೆಲ್ಲ ಇತ್ತು. ಮೂಲೆಯಲ್ಲಿ ಕಂಪ್ಯೂಟರಿನ ಚಿತ್ರವೂ ಇತ್ತು. ಚಿತ್ರ ಡಬ್ಬದ ಮೇಲೆ ಮಾತ್ರ ಇತ್ತು. ಜೊತೆಗೆ ಇಂಗ್ಲಿಷ್ ರೈಮ್ಸ್ ತಟ್ಟೆಯೊಂದು ಉಚಿತ. ಎಸ್ಸೆಸ್ಸೆಲ್ಸಿಯಲ್ಲಿದ್ದ ಚಿಕ್ಕ ಮಗನಿಗೆ ರೈಮ್ಸ್ ಏಕೆ ಎಂದು ಯಾರೂ ಕೇಳಲಿಲ್ಲ.

ಚಿಕ್ಕಪ್ಪನನ್ನು ನೋಡಿ ನಗುವವರು ಸ್ವಲ್ಪ ತಡೆಯಿರಿ. ಇದೇ ಎರಡು ಪದಕ್ಕೆ ಅವರಿಗಿಂತ ಮೊದಲು ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. 1991ರಲ್ಲಿ ಅಮೆರಿಕದ ಕಮೊಡೋರ್ ಕಂಪನಿ ಸಿ.ಡಿ.ಟಿ.ವಿ. ಅಂತ ಒಂದು ಕಪ್ಪು ಪೆಟ್ಟಿಗೆ ಬಿಟ್ಟಿತು. ಬೆಲೆ 999 ಡಾಲರ್. ನಮ್ಮ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಹೊತ್ತು ಅಡವಿಟ್ಟದ್ದೂ ಅದೇ ವರ್ಷ. ಇಲ್ಲಿಯ ಲೆಕ್ಕದಲ್ಲಿ ಆ ಪೆಟ್ಟಿಗೆಗೆ ಕಾಲು ಲಕ್ಷ. ಒಳಗಿದ್ದದ್ದು ಅಮಿಗಾ 500 ಎಂಬ ಅಪ್ಪಟ ಕಂಪ್ಯೂಟರು. ಆದರೆ ಕಂಪ್ಯೂಟರ್ ಎಂದರೆ ಜನ ಹೆದರುತ್ತಾರೆಂದು ಕೀಲಿಮಣೆ ಕಿತ್ತಿಟ್ಟು, ವಿ.ಸಿ.ಆರ್. ವೇಷ ತೊಡಿಸಿ, ಅಂಗಡಿಯಲ್ಲಿ ಇದನ್ನು ಕಂಪ್ಯೂಟರುಗಳ ಪಕ್ಕ ಇಡಬೇಡಿ ಎಂದು ತಾಕೀತು ಮಾಡಿದರು. ನೆಂಟರ ಮುಂದೆ ಅಣ್ಣನನ್ನು ಅಣ್ಣ ಅನ್ನಬೇಡ ಎಂದ ಹಾಗೆ.

ಅದೇ ವರ್ಷ ಫಿಲಿಪ್ಸ್‌ನವರ ಸಿ.ಡಿ.-ಐ ಬಂತು. ಅದರಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ನಿಧಿ ನೋಡಬಹುದು, ಮಕ್ಕಳು ಅಕ್ಷರ ಕಲಿಯಬಹುದು, ಅಪ್ಪ ಸೋಫಾದಲ್ಲಿ ಕೂತು ಗಾಲ್ಫ್ ಆಡಬಹುದು. ಜ್ಞಾನ ಸೆಕೆಂಡಿಗೆ 150 ಕಿಲೋಬೈಟಿನಂತೆ ತಟ್ಟೆಯಿಂದ ಇಳಿಯುತ್ತಿತ್ತು. ನಮ್ಮ ಬೋರ್‌ವೆಲ್ ಕೂಡ ಬೇಸಿಗೆಯಲ್ಲಿ ಹಾಗೆಯೇ. ಮರುವರ್ಷ ಟ್ಯಾಂಡಿ ಕಂಪನಿಯ ವಿ.ಐ.ಎಸ್. ಬಂತು. ಆ ಮೂರಕ್ಷರಕ್ಕೆ 'ಮಾರುವುದು ಹೆಚ್ಚುಕಡಿಮೆ ಅಸಾಧ್ಯ' ಎಂಬ ವಿಸ್ತರಣೆಯನ್ನು ಮಾರುವವರೇ ಕಟ್ಟಿದ್ದರು. 1993ರಲ್ಲಿ 3ಡಿಒ, 700 ಡಾಲರ್. 1996ರಲ್ಲಿ ಆಪಲ್ ಮತ್ತು ಬಂಡಾಯ್ ಸೇರಿ ಹೆತ್ತ ಪಿಪ್ಪಿನ್. ಎಲ್ಲವೂ ನೆಗೆದುಬಿದ್ದವು. ಕಮೊಡೋರ್ ಅಂತೂ 1994ರಲ್ಲಿ ಅಂಗಡಿಯನ್ನೇ ಮುಚ್ಚಿತು.

ನಮ್ಮೂರ ದೇವರು ಲಕ್ಷ್ಮೀನರಸಿಂಹಸ್ವಾಮಿ. ಅತ್ತ ಮನುಷ್ಯನೂ ಅಲ್ಲ, ಇತ್ತ ಮೃಗವೂ ಅಲ್ಲ; ಕೆಲಸ ಮಾತ್ರ ಒಂದೇ ಸಂಜೆಯಲ್ಲಿ ಮುಗಿಸಿದ. ಈ ಪೆಟ್ಟಿಗೆಗಳೂ ಅತ್ತ ಟಿ.ವಿ. ಅಲ್ಲ, ಇತ್ತ ಕಂಪ್ಯೂಟರ್ ಅಲ್ಲ. ಹೊಸ್ತಿಲ ಮೇಲೆ ಕೂತು ಇವು ಬಗೆದದ್ದು ಗಿರಾಕಿಯ ಜೇಬನ್ನು.

ಇದರಲ್ಲೊಂದು ಸೊಗಸಿದೆ. ಫಿಲಿಪ್ಸಿನ ಓದುವ ಪೆಟ್ಟಿಗೆ ಸಿನಿಮಾ ತೋರಿಸಬೇಕಾದರೆ ಬೇರೆಯದೊಂದು ತುಂಡು ಕೊಂಡು ಸಿಕ್ಕಿಸಬೇಕಿತ್ತು. 1993ರಲ್ಲಿ ಅದೇ ಫಿಲಿಪ್ಸ್, ಸೋನಿ, ಮತ್ಸುಶಿತ, ಜೆ.ವಿ.ಸಿ. ಸೇರಿ ಸಿನಿಮಾ ತಟ್ಟೆಗೊಂದು ನಿಯಮ ಬರೆದರು, ಅದೇ ವಿ.ಸಿ.ಡಿ. ಚೀನಾದವರು ಅದನ್ನು ಎತ್ತಿಕೊಂಡು ಅಗ್ಗದ ಪ್ಲೇಯರುಗಳನ್ನು ಗುಡ್ಡೆ ಹಾಕಿದರು. ಮ್ಯೂಸಿಯಂ ಸತ್ತಿತು, ವಿಶ್ವಕೋಶ ಸತ್ತಿತು, ಅಕ್ಷರಮಾಲೆ ಸತ್ತಿತು; ಬಾಲಕ್ಕೆ ಅಂಟಿಕೊಂಡಿದ್ದ ಸಿನಿಮಾ ಒಂದೇ ಬದುಕಿ, ಬಸ್ಸು ಹತ್ತಿ, ನಮ್ಮೂರಿಗೆ ಬಂತು. ಬರುವಾಗ ಮಾತ್ರ ಸತ್ತವರ ಹೆಸರು ಹೇಳಿಕೊಂಡು ಬಂತು: ಮಕ್ಕಳ ಓದಿಗೆ.

ಓದು ಹೇಗೆ ನಡೆಯಿತೆಂದರೆ, ಅಡಿಕೆ ಸುಲಿಯುವ ಕಾಲದಲ್ಲಿ ಪಡಸಾಲೆಯೇ ಟಾಕೀಸು. ಒಂದು ತಟ್ಟೆಗೆ ಸುಮಾರು 74 ನಿಮಿಷ, ಕನ್ನಡ ಸಿನಿಮಾಕ್ಕೆ ಎರಡೂವರೆ ಗಂಟೆ. ಹಾಗಾಗಿ ನಾಯಕಿಯ ಅಪ್ಪ ಕೈ ಎತ್ತಿದಾಗ ಒಂದು ತಟ್ಟೆ ಮುಗಿದು, ಇನ್ನೊಂದು ಹಾಕಿದ ಮೇಲೆ ಏಟು ಬೀಳುತ್ತಿತ್ತು. ನಡುವೆ ಕರೆಂಟು ಹೋದರೆ ಏಟು ನಾಳೆ. ದೃಶ್ಯ ಚೌಕಚೌಕವಾಗಿ ಒಡೆದರೆ ತಟ್ಟೆಯನ್ನು ಪಂಚೆಗೆ ಒರೆಸುವುದು, ಅದಕ್ಕೂ ಬಗ್ಗದಿದ್ದರೆ ಪೇಸ್ಟು ಹಚ್ಚಿ ತಿಕ್ಕುವುದು. ಮನೆಯಲ್ಲಿ ಹಲ್ಲಿಗಿಂತ ಹೆಚ್ಚು ಪೇಸ್ಟು ಸಿನಿಮಾಕ್ಕೆ ಖರ್ಚಾಯಿತು. ಮುನ್ನೂರು ಆಟದಲ್ಲಿ ಆಟ ಇದ್ದದ್ದು ಹತ್ತೋ ಹನ್ನೆರಡೋ. ಉಳಿದವು ಅವೇ, ಬೇರೆ ಬೇರೆ ಹೆಸರಿನಲ್ಲಿ. ಅಷ್ಟನ್ನೂ ಕಲಿತ ಚಿಕ್ಕ ಮಗ ಗಣಿತ ಒಂದನ್ನು ಬಿಟ್ಟಿದ್ದ. ಫಲಿತಾಂಶದ ದಿನ ಚಿಕ್ಕಪ್ಪ ಪ್ಲೇಯರಿನ ವೈರು ಕಿತ್ತರು. ಸಂಜೆ ಅವರೇ ಸಿಕ್ಕಿಸಿದರು. ಹೊಸ ಸಿನಿಮಾ ಬಾಡಿಗೆಗೆ ತಂದಾಗಿತ್ತು. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೇ ಸಿನಿಮಾ ಮಾರತೊಡಗಿದ ಮೇಲೆ ಬಾಡಿಗೆಯೂ ತಪ್ಪಿತು, ಓದು ಇನ್ನಷ್ಟು ಸುಗಮವಾಯಿತು.

ರೈಮ್ಸ್ ತಟ್ಟೆಗೂ ಒಂದು ನೌಕರಿ ಸಿಕ್ಕಿತು. ಚಿಕ್ಕಪ್ಪ ಅದನ್ನು ದಾರ ಕಟ್ಟಿ ದಾಳಿಂಬೆ ಗಿಡಕ್ಕೆ ತೂಗುಹಾಕಿದರು, ಗಿಳಿ ಹೆದರಲೆಂದು. ಮೊದಲ ವಾರ ಹೆದರಿದವು. ಆಮೇಲೆ ಪಕ್ಕದ ಕೊಂಬೆಯಲ್ಲೇ ಕೂತು ಹಣ್ಣು ತಿಂದವು. ಹತ್ತಿರ ಕೂತು ಅದನ್ನು ಗಮನವಿಟ್ಟು ನೋಡಿದವು ಅವೇ.

2020ರಲ್ಲಿ ಶಾಲೆ ಮುಚ್ಚಿತು. ಮೊಮ್ಮಗಳಿಗೆ ಆನ್‌ಲೈನ್ ಕ್ಲಾಸು, ಸ್ಮಾರ್ಟ್‌ಫೋನು ಬೇಕೇ ಬೇಕು. ಅಂಗಡಿಯಲ್ಲಿ ಕೂತದ್ದು ಹಳಬನ ಮಗ. ಅವನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿದರು, "ಗೊತ್ತೈತೆ ಬಿಡಪ್ಪ, ಮಕ್ಕಳ ಓದಿಗೆ." ಈಗ ಆ ಫೋನು ಚಿಕ್ಕಪ್ಪನ ಕೈಯಲ್ಲಿದೆ. ಬೆಳಗಿನ ಜಾವದವರೆಗೂ ಅವರು ಓದುತ್ತಾರೆ. ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಜೋರಾಗಿ.

ಪ್ಲೇಯರು ಅಟ್ಟದ ಮೇಲಿದೆ. ಮೊನ್ನೆ ಇಳಿಸಿ ರಿಪೇರಿ ಹುಡುಗನಿಗೆ ತೋರಿಸಿದೆವು. "ತಟ್ಟೆ ಎಳೆಯೋ ಬೆಲ್ಟು ಸಡಿಲ ಆಗೈತೆ ಅಣ್ಣ, ಈಗ ಸಿಗಲ್ಲ, ಬಿಚ್ಚಿಬಿಡ್ಲಾ?" ಅಂದ. ಚಿಕ್ಕಮ್ಮ ಒಳಗಿನಿಂದ ಓಡಿಬಂದರು. "ಬ್ಯಾಡ ಕಣಪ್ಪ, ಒಳಗೆ ತಾಳಿ ಐತೆ. ಸ್ಕ್ರೂಡ್ರೈವರ್ ಆಡಿಸಬ್ಯಾಡ."

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಓದುಗರಲ್ಲಿ ವಿನಂತಿ: ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದೇ ಇರುತ್ತದೆ. ಅದರ ಬೆಲ್ಟು ಇನ್ನೂ ಬಿಗಿಯಾಗಿದ್ದರೆ ದಯವಿಟ್ಟು ಹೇಳಿಕಳಿಸಿ. ಹುಡುಗಿ ಪಿ.ಯು.ಸಿ. ಮುಗಿಸುವುದರೊಳಗೆ ಅವಳ ಅಪ್ಪ-ಅಮ್ಮನ ಮದುವೆ ಮುಗಿಸಬೇಕಾಗಿದೆ.