ಖಾಲಿ ಕುರ್ಚಿ ಸಾಹೇಬರಿಗೆ ಸಲಾಮು

ರಾಯಚೂರು ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಖಾಲಿ ಕುರ್ಚಿ ಸಾಹೇಬರಿಗೆ, ಹಾಗೂ ದೇವದುರ್ಗ, ಮಾನ್ವಿ ತಾಲ್ಲೂಕು ಪಂಚಾಯಿತಿಗಳಲ್ಲಿ ಧೂಳು ತಿನ್ನುತ್ತಿರುವ ತಮ್ಮ ಕಿರಿಯ ಸಹೋದರರಿಗೆ,

ಅಜ್ಜಿ ಕಥೆಯ ಕಿನ್ನರಲೋಕದಲ್ಲಿ ರಾಜ ಮಾಯವಾದರೆ ದೊಡ್ಡ ರಾದ್ಧಾಂತವೇ ಆಗುತ್ತದೆ. ಮಂತ್ರಿಗಳು ಬಡಿದಾಡಿಕೊಳ್ಳುತ್ತಾರೆ, ಸೇನಾಪತಿ ಕತ್ತಿ ಹಿರಿಯುತ್ತಾನೆ, ಕೊನೆಗೆ ಪಟ್ಟದಾನೆ ಸೊಂಡಿಲಲ್ಲಿ ಹೂಮಾಲೆ ಹಿಡಿದು ಹೊಸ ರಾಜನನ್ನು ಹುಡುಕಲು ಬೀದಿಗಿಳಿಯುತ್ತದೆ. ತಮ್ಮ ರಾಜ್ಯದಲ್ಲಿ ಇದ್ಯಾವುದೂ ಆಗಲಿಲ್ಲ. 2016ರ ಫೆಬ್ರುವರಿಯಲ್ಲಿ ಆರಿಸಿ ಬಂದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅಧ್ಯಕ್ಷರು, ಉಪಾಧ್ಯಕ್ಷರು, ಸ್ಥಾಯಿ ಸಮಿತಿಗಳು, ಸದಸ್ಯರು ಎಲ್ಲರೂ ಒಟ್ಟಿಗೇ ಅದೃಶ್ಯರಾದರು. ಆಡಳಿತಾಧಿಕಾರಿಗಳು ಬಂದರು, ಕಡತಗಳು ಓಡಾಡಿದವು, ಆನೆಯನ್ನು ಲಾಯದಲ್ಲೇ ಕಟ್ಟಿಹಾಕಲಾಯಿತು. ನಾಲ್ಕು ವರ್ಷ ದಾಟಿದರೂ ಯಾರೂ ಕತ್ತಿ ಹಿರಿಯಲಿಲ್ಲ. ಈ ಶಾಂತಿಯೇ ನನಗೆ ಅನುಮಾನ. ಗದ್ದುಗೆ ಖಾಲಿ ಬಿದ್ದು ಎಲ್ಲರೂ ಸುಮ್ಮನಿದ್ದಾರೆಂದರೆ, ಖಾಲಿ ಗದ್ದುಗೆಯಿಂದಲೇ ಎಲ್ಲರ ಹೊಟ್ಟೆ ತುಂಬುತ್ತಿರಬೇಕು.

ಮೊದಲ ಆಕ್ಷೇಪ ಬೆಂಗಳೂರಿನಿಂದ ಬರುತ್ತದೆ: ಕ್ಷೇತ್ರ ಪುನರ್ವಿಂಗಡಣೆ ಆಗಬೇಕಿತ್ತು, ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಕೇಳಿದ ಅಂಕಿ-ಅಂಶ ಬೇಕಿತ್ತು, ಸರ್ಕಾರ ಏನು ಮಾಡಬೇಕು? ಮೀಸಲಾತಿಯ ಮಾತು ಸುಳ್ಳಲ್ಲ. ಭಕ್ತವತ್ಸಲ ಆಯೋಗ ಕೂತಿದ್ದು ಅದಕ್ಕೇ. ಆದರೆ ಆಯೋಗ 2022ರ ಜುಲೈನಲ್ಲೇ ವರದಿ ಕೊಟ್ಟಿತು. ಇನ್ನು ಕ್ಷೇತ್ರಗಳ ಗೆರೆ ಎಳೆಯುವ ಅಧಿಕಾರ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಕಿತ್ತು, ಬೇರೊಂದು ಆಯೋಗಕ್ಕೆ ಕೊಟ್ಟವರು ಯಾರು? ಬೀಗ ಹಾಕಿದವರೇ ಕೀಲಿಕೈ ಕಳೆದಿದೆ ಎಂದು ಡಂಗುರ ಸಾರಿದ ಹಾಗಾಯಿತು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ವಿಳಂಬಕ್ಕೆ ಸರ್ಕಾರದ ಮೇಲೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆಮೇಲೆ ಸರ್ಕಾರವೂ ಬದಲಾಯಿತು, ಬಿಜೆಪಿ ಹೋಗಿ ಕಾಂಗ್ರೆಸ್ ಬಂತು. ಸದನದಲ್ಲಿ ಯಾವ ವಿಷಯಕ್ಕೂ ಒಮ್ಮತವಿಲ್ಲದ ಎರಡು ಪಕ್ಷಗಳು ತಮ್ಮನ್ನು ಖಾಲಿ ಇಡುವುದರಲ್ಲಿ ಮಾತ್ರ ಅಣ್ಣತಮ್ಮಂದಿರಾದವು.

ಚುನಾವಣೆ ನಡೆಸಲು ಆಗಲಿಲ್ಲ ಎಂಬ ಮಾತಿಗಂತೂ ದೇವದುರ್ಗ, ಮಾನ್ವಿಗಳ ಶಾಲಾ ಗೋಡೆಗಳೇ ಉತ್ತರ ಹೇಳುತ್ತವೆ. 2023ರ ಮೇ 10ರಂದು ವಿಧಾನಸಭೆಗೆ, 2024ರ ಮೇ 7ರಂದು ಲೋಕಸಭೆಗೆ ಅಲ್ಲಿ ಮತದಾನವಾಯಿತು. ಅದೇ ಬಿಸಿಲು, ಅದೇ ಶಾಲೆ, ಅದೇ ಮಾಸ್ತರರು, ಬೆರಳಿಗೆ ಅದೇ ಶಾಯಿ. ಶಾಸಕರನ್ನೂ ಸಂಸದರನ್ನೂ ಹೆತ್ತ ಮತಗಟ್ಟೆಗೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯನನ್ನು ಹೆರಲು ಮಾತ್ರ ಮುಹೂರ್ತ ಕೂಡಿ ಬರಲಿಲ್ಲ. ಐದು ವರ್ಷ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಅಲ್ಲಿ ಪಂಚಾಂಗ ನೋಡಿ ಎಂದು ಬರೆದಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಸದಸ್ಯರಿದ್ದಾಗ ಏನು ಕಡಿದು ಕಟ್ಟೆ ಹಾಕಿದರು, ಅರ್ಧ ಜನ ಗುತ್ತಿಗೆದಾರರೇ ಆಗಿರಲಿಲ್ಲವೇ ಎಂದು ರಾಯಚೂರಿನ ಚಹಾದಂಗಡಿಗಳಲ್ಲಿ ಕೇಳುತ್ತಾರೆ. ಕೇಳಲಿ. ಚುನಾಯಿತ ನಗರಸಭೆ ಇದ್ದಾಗಲೇ, 2022ರಲ್ಲಿ, ರಾಯಚೂರು ನಗರದ ನಲ್ಲಿ ನೀರು ಕುಡಿದು ಜನ ಸತ್ತರು. ಚುನಾವಣೆ ನೀರು ಸೋಸುವ ಯಂತ್ರವಲ್ಲ. ಆದರೆ ಅಂದು ಯಾರ ಬಾಗಿಲಿಗೆ ಹೋಗಿ ಕೂಗಬೇಕೆಂಬುದು ಊರಿಗೆ ಗೊತ್ತಿತ್ತು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಹತ್ತಾರು ಮಂದಿ ಆಸ್ಪತ್ರೆ ಸೇರಿದಾಗ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ ಆ ಬಾಗಿಲೇ ಇರಲಿಲ್ಲ. ಒಂದು ಹಳ್ಳಿಯ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿತು ಎನ್ನಿ. ಅರ್ಜಿ ಪಿಡಿಒ ಮೇಜಿಗೆ ಹೋಗುತ್ತದೆ, ಅಲ್ಲಿಂದ ತಾಲ್ಲೂಕಿನ ಇಒಗೆ, ಅಲ್ಲಿಂದ ಕುಡಿಯುವ ನೀರಿನ ಎಂಜಿನಿಯರಿಗೆ, ಅಲ್ಲಿಂದ ಸಿಇಒಗೆ. ಪ್ರತಿ ಮೇಜಿನಲ್ಲೂ ಒಂದು ಸೀಲು, ಒಂದು ಸಹಿ, ‘ಸೂಕ್ತ ಕ್ರಮಕ್ಕಾಗಿ’ ಎಂಬ ಆರು ಅಕ್ಷರದ ಮಂತ್ರ. ತುಂಬಿದ ಸಭೆಯಲ್ಲಿ ಎದ್ದು ನಿಂತು ‘ಯಾಕ್ರೀ ಇನ್ನೂ ಆಗಿಲ್ಲ?’ ಎಂದು ಕೇಳುವ, ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುವ ಜಾಗ ಗ್ರಾಮ ಪಂಚಾಯಿತಿ ದಾಟಿದ ಮೇಲೆ ಈ ದಾರಿಯಲ್ಲಿ ಎಲ್ಲೂ ಇಲ್ಲ. ಕಳ್ಳ ಸದಸ್ಯನನ್ನು ಐದು ವರ್ಷಕ್ಕಾದರೂ ಮನೆಗೆ ಕಳಿಸಬಹುದಿತ್ತು. ತಮ್ಮನ್ನು ಸೋಲಿಸುವುದು ಹೇಗೆ, ಸಾಹೇಬರೇ?

ಶಾಸಕರಿದ್ದಾರಲ್ಲ ಎನ್ನುವವರೂ ಉಂಟು. ಇದ್ದಾರೆ, ಗುಟ್ಟೂ ಅಲ್ಲೇ ಇದೆ. 1987ರಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಕಟ್ಟಿದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಜಿಲ್ಲೆಯಲ್ಲಿ ಇನ್ನೊಂದು ಅಧಿಕಾರ ಕೇಂದ್ರ ಹುಟ್ಟಿದ್ದು ಹಲವು ಶಾಸಕರಿಗೆ ಅಂದೇ ನುಂಗಲಾರದ ತುತ್ತಾಗಿತ್ತು. ಆ ಪರಿಷತ್ತುಗಳ ಅವಧಿ ಮುಗಿದದ್ದೇ ತಡ, 1992ರಿಂದ ಮೂರು ವರ್ಷ ಆಗಲೂ ಆಡಳಿತಾಧಿಕಾರಿಗಳದೇ ದರ್ಬಾರು. ಈಗಿನದು ಅದೇ ಆಟದ ದೀರ್ಘ ಆವೃತ್ತಿ. ಫಲಾನುಭವಿಗಳ ಆಯ್ಕೆಗೆ, ರಸ್ತೆ ಕಾಮಗಾರಿಗೆ, ಕೊಳವೆಬಾವಿಗೆ ಪಾಲು ಕೇಳುವವರಿಲ್ಲ. ಮುಂದಿನ ಚುನಾವಣೆಗೆ ಟಿಕೆಟ್ ಕೇಳುವಷ್ಟು ಬೆಳೆಯುವ ಹುಡುಗರೂ ಇಲ್ಲ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಹಾಗಾಗಿ ಮಾಯವಾದವರಲ್ಲಿ ಅರ್ಧದಷ್ಟು ಹೆಂಗಸರೇ. ಅವರ ನಾಪತ್ತೆ ದೂರು ಯಾವ ಠಾಣೆಯಲ್ಲೂ ದಾಖಲಾಗಿಲ್ಲ. ಜಿಲ್ಲಾ ಯೋಜನಾ ಸಮಿತಿಯ ಐದನೇ ನಾಲ್ಕು ಭಾಗ ಚುನಾಯಿತ ಸದಸ್ಯರಿಂದಲೇ ತುಂಬಬೇಕು, 15ನೇ ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಆಡಳಿತವೇ ಷರತ್ತಾಗಿತ್ತು. 371-ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದ, ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿರುವ ರಾಯಚೂರಿಗೆ ಸಿಕ್ಕ ವಿಶೇಷ ಈ ಖಾಲಿ ಕುರ್ಚಿ.

ಭರತ ಹದಿನಾಲ್ಕು ವರ್ಷ ಪಾದುಕೆ ಇಟ್ಟು ಆಳಿದ ಎಂದು ತಮ್ಮ ಆಸ್ಥಾನ ಪಂಡಿತರು ನೆನಪಿಸಬಹುದು. ಪಾದುಕೆಗೆ ಒಡೆಯನಿದ್ದ, ಅವನು ಹಿಂತಿರುಗುವ ದಿನವನ್ನು ಭರತ ಬೆರಳೆಣಿಸಿ ಕಾಯುತ್ತಿದ್ದ. ತಮ್ಮ ಕಡೆ ದಿನ ಎಣಿಸುವವರೇ ಇಲ್ಲದ್ದರಿಂದ, ಮಾಹಿತಿ ಹಕ್ಕಿನ ಧಾಟಿಯಲ್ಲಿ ಒಂದೇ ವಿಷಯ ಕೇಳಿ ಮುಗಿಸುತ್ತೇನೆ: 2021ರಿಂದ ಲಾಯದಲ್ಲಿ ಕಟ್ಟಿಹಾಕಿರುವ ಆ ಪಟ್ಟದಾನೆಯ ಮೇವಿನ ಬಿಲ್ಲನ್ನು ಯಾವ ಲೆಕ್ಕಶೀರ್ಷಿಕೆಯಡಿ ಪಾಸು ಮಾಡುತ್ತಿದ್ದೀರಿ, ಅದಕ್ಕೆ ಸಹಿ ಯಾರದು?

ಇಂತಿ,
ಕ್ಷೇತ್ರಕ್ಕೆ ಗೆರೆಯಿದ್ದೂ ಸದಸ್ಯರಿಲ್ಲದ ಒಬ್ಬ ಮತದಾರ