ಭೈರವಾನಿತಿಪ್ಪ ಪರದೆ ಮೀಮಾಂಸೆ

ಕನ್ನಡದಲ್ಲಿ ಲಕ್ಷಣಗ್ರಂಥಗಳಿಗೆ ಬರವಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವ್ಯ ಹೇಗಿರಬೇಕೆಂದು ಹೇಳಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದ ಹೇಗಿರಬೇಕೆಂದು ಹೇಳಿದ. ಮೂರನೆಯ ಮಂಗರಸ ಅಡುಗೆಯನ್ನೂ ಬಿಡದೆ ಸೂಪಶಾಸ್ತ್ರ ಬರೆದ. ಆದರೆ ರಿಯಾಯಿತಿಯಲ್ಲಿ ಕೊಂಡ ಐವತ್ತೈದು ಇಂಚಿನ ಸ್ಮಾರ್ಟ್ ಟಿವಿಯ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ನಿರ್ಣಯಿಸುವ ಬಗೆಯನ್ನು ಇವರಲ್ಲಿ ಒಬ್ಬರೂ ತಿಳಿಸಲಿಲ್ಲ. ಪೂರ್ವಸೂರಿಗಳ ಮೇಲಿನ ಗೌರವಕ್ಕೆ ಧಕ್ಕೆ ಬಾರದಂತೆ ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಭೈರವಾನಿತಿಪ್ಪವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅನಂತಪುರ ಜಿಲ್ಲೆಯ ಈ ಊರು ವೇದಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಹೆಸರಾದದ್ದು. ಕರ್ನಾಟಕದ ಗಡಿ ಕೂಗಳತೆಯಲ್ಲಿದೆ. ಟಿವಿ ಕೊಳ್ಳಲು ಹೊರಟವನಿಗೆ ಈಚೆ ಕಲ್ಯಾಣದುರ್ಗ, ರಾಯದುರ್ಗ. ಆಚೆ ಚಳ್ಳಕೆರೆ, ಬಳ್ಳಾರಿ. ಎರಡು ರಾಜ್ಯಗಳ ಅಂಗಡಿಗಳಲ್ಲಿ ಎರಡು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲ ಗ್ರಾಹಕ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತಾನೆ? 2017ರ ಜುಲೈ 1ಕ್ಕೆ ಮುಂಚೆ ರಾಜ್ಯಕ್ಕೊಂದು ವ್ಯಾಟ್ ಇತ್ತು. ಗಡಿ ದಾಟಿದರೆ ನಾಲ್ಕು ಕಾಸು ಉಳಿದೀತೆಂಬ ಆಸೆಗೆ ಶಾಸ್ತ್ರಾಧಾರವಾದರೂ ಇತ್ತು. ಜಿಎಸ್‌ಟಿ ಬಂದು ಆ ಆಧಾರ ಬಿದ್ದುಹೋಯಿತು, ಗಡಿ ದಾಟುವ ಅಭ್ಯಾಸ ಮಾತ್ರ ಉಳಿಯಿತು. ಶಾಸ್ತ್ರ ಸತ್ತ ಮೇಲೂ ಆಚಾರ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಮೊದಲು ಇತಿಹಾಸ, ಚುಟುಕಾಗಿ. ನಮ್ಮ ದೇಶದ ಟಿವಿಗೆ ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ. 1987ರ ಜನವರಿಯಲ್ಲಿ ರಾಮಾಯಣ ಶುರುವಾದಾಗ ಒಂದು ಬೀದಿಗೆ ಒಂದು ಟಿವಿ ಇದ್ದರೆ ಹೆಚ್ಚು. ಆ ಕಾಲದ ಚಿತ್ರವಿಮರ್ಶೆ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವವನಿಗೂ ಕೆಳಗೆ ಪರದೆ ನೋಡುವವನಿಗೂ ನಡೆದ ಸಂವಾದರೂಪದಲ್ಲಿದೆ. ಮೇಲಿನವನು "ಬಂತಾ?" ಎನ್ನುತ್ತಾನೆ. ಕೆಳಗಿನವನು "ಬಂತು ಬಂತು... ಹೋಯ್ತು" ಎನ್ನುತ್ತಾನೆ. ಚಿತ್ರಕ್ಕೆ ಆಗ ಎರಡೇ ಗುಣ, ಬಂತು ಮತ್ತು ಹೋಯ್ತು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೇ ಇರಲಿಲ್ಲ. ಈ ಶುದ್ಧ ತರ್ಕ ಕೆಟ್ಟದ್ದು ಚಿತ್ರ ಸದಾ ಬರತೊಡಗಿದ ಮೇಲೆ.

ಇನ್ನು ಗಾತ್ರ. ಪೆಟ್ಟಿಗೆಯ ಮೇಲೆ 139 ಸೆಂಟಿಮೀಟರ್ ಎಂದು ದಪ್ಪಕ್ಷರದಲ್ಲಿ ಬರೆದು ಪಕ್ಕದ ಕಂಸದಲ್ಲಿ 55 ಎಂದು ಹಾಕಿರುತ್ತಾರೆ. ನಾಡಿನಲ್ಲಿ 139 ಎಂದು ಉಚ್ಚರಿಸಿದ ಒಬ್ಬ ಮನುಷ್ಯನೂ ಈತನಕ ದೊರೆತಿಲ್ಲ. ಈ ಅಳತೆ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ್ದು. ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ 68. ಪಕ್ಕದ ಮನೆಯ 43ಕ್ಕೂ ನಮ್ಮ 55ಕ್ಕೂ ಹನ್ನೆರಡೇ ಇಂಚು ವ್ಯತ್ಯಾಸವೆಂದು ತೋರಿದರೂ ವಿಸ್ತೀರ್ಣದಲ್ಲಿ ನಮ್ಮದು ಒಂದೂವರೆ ಪಟ್ಟಿಗೂ ಮಿಗಿಲು. ಈ ಗಣಿತ ಗೊತ್ತಿಲ್ಲದೆಯೂ ಪಕ್ಕದ ಮನೆಯವರು ಹೊಟ್ಟೆಕಿಚ್ಚನ್ನು ಸರಿಯಾಗಿ ಅದೇ ಪ್ರಮಾಣದಲ್ಲಿ ಅನುಭವಿಸುತ್ತಾರೆ. ಎಷ್ಟು ದೂರ ಕೂತು ನೋಡಬೇಕೆಂಬುದಕ್ಕೂ ಲೆಕ್ಕವಿದೆ: ಕರ್ಣದ ಒಂದೂವರೆ ಪಟ್ಟಿಗೆ ತುಸು ಹೆಚ್ಚು, ಎಂದರೆ ಏಳು ಅಡಿ ಚಿಲ್ಲರೆ. ನಮ್ಮ ಪಡಸಾಲೆಯಲ್ಲಿ ಅಷ್ಟು ದೂರಕ್ಕೆ ಅಜ್ಜಿಯ ಮಂಚ ಬರುತ್ತದೆ. ಹೀಗಾಗಿ ಶಾಸ್ತ್ರಸಮ್ಮತ ಚಿತ್ರ ಕಾಣುವುದು ನಮ್ಮ ಮನೆಯಲ್ಲಿ ಅಜ್ಜಿಯ ಪೊರೆ ಬಂದ ಕಣ್ಣಿಗೆ ಮಾತ್ರ.

ಪೂರ್ವಪಕ್ಷದವರು ಹೇಳುವುದು ಹೀಗೆ: ಚಿತ್ರದ ಗುಣಕ್ಕೆ ಪ್ರತ್ಯಕ್ಷವೇ ಪ್ರಮಾಣ. ಅಂಗಡಿಗೆ ಹೋಗು, ಸಾಲಾಗಿ ತೂಗುಹಾಕಿದ ಟಿವಿಗಳನ್ನು ನೋಡು, ಕಣ್ಣಿಗೆ ಚೆಂದ ಕಂಡದ್ದನ್ನು ತಾ. ಈ ವಾದ ನಿಲ್ಲುವುದಿಲ್ಲ. ಅಂಗಡಿಯ ಟಿವಿಯಲ್ಲಿ ಓಡುವುದು ಪಂಚವರ್ಣದ ಗಿಳಿ, ಕೊಯ್ದಿಟ್ಟ ಕಿತ್ತಳೆ, ಯಾವುದೋ ದೇಶದ ಜಲಪಾತ. ಭೈರವಾನಿತಿಪ್ಪದ ಯಾವ ಮನೆಯಲ್ಲೂ ಸಂಜೆ ಏಳರ ಮೇಲೆ ಯಾರೂ ಗಿಳಿ ನೋಡುವುದಿಲ್ಲ. ನೋಡುವುದು ಅತ್ತೆ ಸೊಸೆಯರನ್ನು. ಮೇಲಾಗಿ ಅಂಗಡಿಯಲ್ಲಿ ಪ್ರತಿ ಟಿವಿಯೂ ವಿವಿಡ್ ಎಂಬ ಅವಸ್ಥೆಯಲ್ಲಿರುತ್ತದೆ. ಬೆಳಕು ತುದಿ ಮುಟ್ಟಿರುತ್ತದೆ, ಬಿಳಿಗೆ ನೀಲಿ ಬೆರೆತಿರುತ್ತದೆ. ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟರೆ ಹೆಚ್ಚು ಬೆಳಗುವುದೇ ಉತ್ತಮವೆಂದು ಮನುಷ್ಯನ ಕಣ್ಣು ತೀರ್ಪು ಕೊಡುತ್ತದೆ. ಅಂಗಡಿಯವನಿಗೆ ಇದು ಗೊತ್ತು. ಪ್ರತ್ಯಕ್ಷಕ್ಕೇ ಹೀಗೆ ಸುಣ್ಣಬಣ್ಣ ಬಳಿದಿರುವಾಗ ಅದನ್ನು ಪ್ರಮಾಣವೆಂದು ಒಪ್ಪುವುದು ಹೇಗೆ?

ಇದಕ್ಕೆ ಮದ್ದು ಸಿನಿಮಾ ಮೋಡ್ ಎಂದು ನವ್ಯರು ಹೇಳುತ್ತಾರೆ. ಸಿನಿಮಾ, ಟಿವಿ ಕಾರ್ಯಕ್ರಮಗಳ ಬಣ್ಣ ತಿದ್ದುವವರು ತಮ್ಮ ಕೋಣೆಯಲ್ಲಿ ಬಿಳಿಗೆ ಇಟ್ಟುಕೊಳ್ಳುವ ಅಳತೆ 6500 ಕೆಲ್ವಿನ್. ಸಿನಿಮಾ ಮೋಡ್ ಅದಕ್ಕೆ ಹತ್ತಿರ ಬರುತ್ತದೆ, ಆದ್ದರಿಂದ ಅದೇ ಸತ್ಯ. ನಿಜವೇ. ಆದರೆ ಸತ್ಯವನ್ನು ಹಾಕಿದ ಕೂಡಲೇ ಮಂಚದಿಂದ ಆಕ್ಷೇಪ ಏಳುತ್ತದೆ: "ಅದ್ಯಾಕೋ ಹಂಗೈತೆ? ಹುಡುಗಿಗೆ ಕಾಮಾಲೆ ಬಂದಂಗೈತಲ್ಲ!" ಮೊಮ್ಮಗ ಡಿ65 ಎಂದೂ ಕಲರ್ ಟೆಂಪರೇಚರ್ ಎಂದೂ ವಿವರಿಸುತ್ತಾನೆ. ಅಜ್ಜಿ ಎಲ್ಲ ಕೇಳಿ "ಇರ್ಲಿ ಬಿಡು, ಮೊದ್ಲಿನಂಗೆ ಮಾಡು" ಎನ್ನುತ್ತಾಳೆ. ಈ ವಾಕ್ಯಕ್ಕೆ ಪ್ರತಿವಾದ ಹೂಡಿ ಗೆದ್ದ ಪಂಡಿತ ರಾಯದುರ್ಗದಿಂದ ಮಡಕಶಿರಾವರೆಗೆ ಹುಡುಕಿದರೂ ಸಿಕ್ಕಲಾರ.

ಪೆಟ್ಟಿಗೆಯ ಬಿರುದಾವಳಿಗೆ ಬರೋಣ. ರಾಯದುರ್ಗ ವಿಜಯನಗರದ ಅರಸರು ಆಳಿದ ನೆಲ. ಬಿರುದು ನಮಗೆ ಹೊಸದಲ್ಲ. ಆದರೆ ಎಚ್‌ಡಿಆರ್, ಕ್ವಾಂಟಮ್, ಎಐ ಎಂದು ಪರದೆಯ ಅಂಚಿಗೆ ಅಂಟಿಸಿರುವ ಚೀಟಿಗಳ ಮುಂದೆ ಶಾಸನಗಳು ಸಂಕೋಚದವು. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ ಸಾವಿರ ನಿಟ್ಸ್ ಬೆಳಕಿನ ಪರದೆ ಮುಂದಿಟ್ಟುಕೊಂಡು ತಯಾರಿಸುತ್ತಾರೆ. ಅಗ್ಗದ ಟಿವಿ ಮುನ್ನೂರರ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ. ಹಾಗಾದರೆ ಚೀಟಿ ಸುಳ್ಳೇ? ಅಲ್ಲ. ಎಚ್‌ಡಿಆರ್ ಸಂಕೇತ ತನಗೆ ಅರ್ಥವಾಗುತ್ತದೆ ಎಂದಷ್ಟೇ ಟಿವಿ ಹೇಳುತ್ತಿದೆ, ತೋರಿಸಬಲ್ಲೆ ಎಂದು ಎಲ್ಲೂ ಹೇಳಿಲ್ಲ. ಕ್ಯೂಎಲ್‌ಇಡಿ ಎಂಬುದೂ ಹಿಂದೆ ದೀಪ ಇಟ್ಟ ಎಲ್‌ಸಿಡಿಯೇ. ಓಎಲ್‌ಇಡಿಯಲ್ಲಿ ಮಾತ್ರ ಚುಕ್ಕಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಅದರ ಬೆಲೆ ಕೇಳಿದವರ ಮುಖವೂ ಆರುತ್ತದೆ. ಈ ಚೀಟಿಗಳನ್ನು ಕೀಳುವುದು ಅಪಶಕುನವೆಂಬ ನಂಬಿಕೆ ಇದ್ದಂತಿದೆ; ಮೂರು ದೀಪಾವಳಿ ಕಳೆದರೂ ಅವು ಪರದೆಯ ಮೂಲೆ ಬಿಡುವುದಿಲ್ಲ.

ಈಗ ಪ್ರಬಂಧದ ಹೃದಯಭಾಗ. 4ಕೆ ಟಿವಿಯಲ್ಲಿ ಅಡ್ಡ 3840, ಉದ್ದ 2160, ಒಟ್ಟು 82,94,400 ಚುಕ್ಕಿಗಳು. ಮನೆಯ ಡಿಷ್ ಪ್ಯಾಕಿನಲ್ಲಿ ಬರುವುದು ಹೆಚ್ಚಾಗಿ ಎಸ್‌ಡಿ ಚಾನೆಲ್. ಅದರ ಚೌಕಟ್ಟು 720ಕ್ಕೆ 576, ಗುಣಿಸಿದರೆ 4,14,720. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತು ಬರುತ್ತದೆ. ಅಂದರೆ ಸೊಸೆಯ ಮುಖದ ಇಪ್ಪತ್ತು ಚುಕ್ಕಿಗಳಲ್ಲಿ ಒಂದು ಚಾನೆಲ್ ಕಳಿಸಿದ್ದು, ಹತ್ತೊಂಬತ್ತು ಟಿವಿ ಊಹಿಸಿಕೊಂಡದ್ದು. ಅನುಮಾನಪ್ರಮಾಣವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನೈಯಾಯಿಕರೂ ಬಳಸಿರಲಿಲ್ಲ. ಭೈರವಾನಿತಿಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಊರ ಪಕ್ಕದ ಅಣೆಕಟ್ಟು ಹೇಳುತ್ತದೆ. ಮೇಲೆ ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ವೇದಾವತಿಯನ್ನು ಹಿಡಿದು ನಿಲ್ಲಿಸಿಕೊಂಡಿದೆ. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಕ್ಕೆ. ಮೇಲಿನಿಂದ ನೀರು ಬಾರದೆ ಕೆಳಗೆ ಎಷ್ಟು ಅಗಲದ ಡ್ಯಾಂ ಕಟ್ಟಿದರೇನು? ಐವತ್ತೈದು ಇಂಚಿನವನ ಮನೆಯಲ್ಲಿ ಎಸ್‌ಡಿ ಸೀರಿಯಲ್ ಅದೇ ಸ್ಥಿತಿಯಲ್ಲಿ ಹರಿಯುತ್ತಿದೆ. ಹಳೆಯ 32 ಇಂಚಿನಲ್ಲಿ ಚಂದವಾಗಿ ಕಂಡ ಮುಖ ಹೊಸದರಲ್ಲಿ ಮಬ್ಬಾಗಿ ಕಂಡು, "ಇದಕ್ಕೇನು ಅಷ್ಟು ದುಡ್ಡು ಸುರಿದ್ಯಾ?" ಎಂಬ ಪ್ರಶ್ನೆ ಏಳುವುದು ಈ ಕಾರಣದಿಂದ. ಟಿವಿ ನಿರಪರಾಧಿ.

ನೋಟದ ಕೋನದ ಬಗ್ಗೆಯೂ ಒಂದು ಮಾತು ಬೇಕು. ಅಗ್ಗದ ಪರದೆಗಳಲ್ಲಿ ಹಲವು ವಿಎ ಜಾತಿಯವು: ನೇರ ಕೂತವನಿಗೆ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಬದಿಯಲ್ಲಿ ಕೂತವನಿಗೆ ಬೂದಿಯಾಗುತ್ತದೆ. ಐಪಿಎಸ್ ಜಾತಿಯದು ಬದಿಗೂ ಬಣ್ಣ ಕೊಡುತ್ತದೆ, ಕಪ್ಪನ್ನು ಮಾತ್ರ ಎಲ್ಲರಿಗೂ ಸಮನಾಗಿ ಬಿಳಿಚಿಸುತ್ತದೆ. ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಒರಗಿ ಅಳಿಯ, ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದ ಅತ್ತಿಗೆ, ಹೊಸಿಲಲ್ಲಿ ನಿಂತ ನೆರೆಯವರು. ಹೀಗೆ ಒಂದೇ ಸೀರಿಯಲ್ಲಿಗೆ ಐದಾರು ಬಣ್ಣ. ಕುಂದಕುಂದಾಚಾರ್ಯರ ಊರೆಂದು ಜೈನರು ನಂಬುವ ಕೊನಕೊಂಡ್ಲ ಇದೇ ಜಿಲ್ಲೆಯಲ್ಲಿದೆ. ಒಂದೇ ವಸ್ತುವಿಗೆ ಹಲವು ನೋಟ ಎನ್ನುವ ಅವರ ಅನೇಕಾಂತವಾದವನ್ನು ಪಡಸಾಲೆಯಲ್ಲೇ ಕೂತು ಕಲಿಯುವ ಸೌಲಭ್ಯ ಇನ್ಯಾವ ಜಿಲ್ಲೆಗಿದೆ?

ಮೋಷನ್ ಸ್ಮೂದಿಂಗ್ ಕುರಿತು ವಿಸ್ತರಿಸುವುದಿಲ್ಲ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದ ಸಿನಿಮಾಕ್ಕೆ ಟಿವಿ ತಾನೇ ನಡುವಿನ ಚೌಕಟ್ಟುಗಳನ್ನು ಹೆಣೆದು ಸೇರಿಸುತ್ತದೆ, ಕೋಟಿಗಟ್ಟಲೆ ಖರ್ಚಿನ ಯುದ್ಧ ಸೀರಿಯಲ್ಲಿನ ಜಗಳದಂತಾಗುತ್ತದೆ. ಸೀರಿಯಲ್ ಪ್ರಿಯರಿಗೆ ಇದು ಲಾಭವೇ.

ಕಣ್ಣು, ಚೀಟಿ, ಚುಕ್ಕಿ ಎಲ್ಲವೂ ಸೋತ ಮೇಲೆ ಗುಣನಿರ್ಣಯ ನಡೆಯುವುದು ಯಾವುದರಿಂದ? ಇಲ್ಲಿ ಕ್ಷೇತ್ರಕಾರ್ಯದ ಒಂದು ಮಾದರಿ ಕೊಡುವೆ. ಹೊಸ ಟಿವಿ ಬಂದ ಮನೆಗೆ ಹೆಣ್ಣು ಕೊಟ್ಟ ಮಾವ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಪರದೆಯ ಕಡೆ ತಿರುಗುವ ಮೊದಲೇ ಕೇಳುತ್ತಾರೆ:

"ಎಷ್ಟಕ್ಕೆ ಬಿತ್ತಪ್ಪಾ?"

"ಎಮ್ಮಾರ್‌ಪಿ ಎಂಬತ್ತು ಸಾವಿರ ಮಾವ. ನಮಗೆ ಮೂವತ್ತಾರಕ್ಕೆ ಕೊಟ್ಟ."

ಆಗ ಮಾವ ಪರದೆಯನ್ನು ನೋಡುತ್ತಾರೆ. "ಶಾನಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ, "ಕೂದ್ಲು ಕೂದ್ಲೂ ಕಾಣ್ತೈತೆ" ಎಂದು ಕನ್ನಡದಲ್ಲಿ ವ್ಯಾಖ್ಯಾನಿಸುತ್ತಾರೆ. ಓಡುತ್ತಿದ್ದದ್ದು ಎಸ್‌ಡಿ ವಾರ್ತೆ. ಮರುದಿನ ಅದೇ ಮಾಡೆಲ್ಲನ್ನು ಚಳ್ಳಕೆರೆಯಲ್ಲಿ ಯಾರೋ ಮೂವತ್ನಾಲ್ಕಕ್ಕೆ ತಂದರೆಂದು ಸುದ್ದಿ. ಆ ಸಂಜೆಯೇ ಮನೆಯ ಯಜಮಾನ ರಿಮೋಟ್ ಹಿಡಿದು, "ಕೆಂಪು ಯಾಕೋ ಹೆಚ್ಚಾಗೈತೆ, ಪ್ಯಾನೆಲ್ಲೇ ಸರಿ ಇಲ್ಲೇನೋ" ಎನ್ನುತ್ತಾನೆ. ಟಿವಿಯಲ್ಲಿ ಬದಲಾದದ್ದು ಏನೂ ಇಲ್ಲ. ಚುಕ್ಕಿ ಅಷ್ಟೇ, ನಿಟ್ಸ್ ಅಷ್ಟೇ. ಎರಡು ಸಾವಿರ ರೂಪಾಯಿ ಮಾತ್ರ ಕೆಂಪಾಗಿ ಕಾಣುತ್ತಿದೆ.

ಆದ್ದರಿಂದ ಸಿದ್ಧಾಂತ: ಚಿತ್ರದ ಗುಣವೆಂದರೆ ಎಮ್ಮಾರ್‌ಪಿಯಿಂದ ಕೊಟ್ಟ ಬೆಲೆ ಕಳೆದು ಉಳಿದದ್ದು. ಎಮ್ಮಾರ್‌ಪಿ ಎಂಬುದು ತಯಾರಕ ತಾನೇ ಅಚ್ಚುಹಾಕುವ ಸಂಖ್ಯೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಕಡಿಮೆಗೆ ಎಷ್ಟಕ್ಕಾದರೂ ಮಾರಬಹುದು. ಹೊಡೆದುಹಾಕಲೆಂದೇ ಬರೆದ ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ನಿಚ್ಚಳವಾಗುತ್ತದೆ. ಸರ್ಕಾರ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿತು. ಲೆಕ್ಕ ಹಾಕಿದರೆ 128 ರೂಪಾಯಿ ಕೊಡುವ ಕಡೆ 118, ಇಳಿದದ್ದು ಶೇ. 8ಕ್ಕೂ ತುಸು ಕಮ್ಮಿ. ಇದು ಕಣ್ಣಾರೆ ಕಾಣುವ ನಿಜವಾದ ಇಳಿಕೆ. ಅದನ್ನು ಕೇಳಿ ಯಾರೂ ಕೂದಲು ಕೂದಲು ಕಾಣುತ್ತದೆ ಎನ್ನಲಿಲ್ಲ. ಶೇ. 55 ರಿಯಾಯಿತಿ ಎಂಬ ಕಾಲ್ಪನಿಕ ಇಳಿಕೆಗೆ ಇರುವ ಪ್ರಭೆ ವಾಸ್ತವಕ್ಕೆ ಎಲ್ಲಿಂದ ಬರಬೇಕು?

ಜಿಜ್ಞಾಸುಗಳು ಆಚರಿಸಬೇಕಾದದ್ದು ಇಷ್ಟು. ಟಿವಿಗೆ ಮುಂಚೆ ಡಿಷ್‌ನವನಿಗೆ ಹೇಳಿ ನೀವು ದಿನಾ ನೋಡುವ ಎರಡು ಮೂರು ಚಾನೆಲ್ಲುಗಳನ್ನಾದರೂ ಎಚ್‌ಡಿ ಮಾಡಿಸಿ. ಗೋಡೆಗೆ ಬಿಗಿಯುವವನು ಮನೆ ಬಿಡುವ ಮುನ್ನ ಸೆಟ್ಟಿಂಗಿಗೆ ಹೋಗಿ ಸ್ಟೋರ್ ಮೋಡ್ ತೆಗೆದು ಹೋಮ್ ಮೋಡ್ ಹಾಕಿಸಿ. ಸಿನಿಮಾ ಮೋಡನ್ನು ಅಜ್ಜಿ ಮಲಗಿದ ಮೇಲೆ ಹಾಕಿ. ವಾಪಸು ಕೊಡುವ ಗಡುವು ಮುಗಿಯುವ ತನಕ ಪೆಟ್ಟಿಗೆ, ಥರ್ಮಾಕೋಲು ಬಿಸಾಡಬೇಡಿ. ಬೆಲೆ ಕೇಳಿದವರಿಗೆ ನೇರವಾಗಿ ಉತ್ತರಿಸಬೇಡಿ. ಅವರು ತಮ್ಮದನ್ನು ಎಷ್ಟಕ್ಕೆ ತಂದರೆಂದು ಮೊದಲು ಕೇಳಿ, ಆಮೇಲೆ ಅದಕ್ಕಿಂತ ಐನೂರು ಕಡಿಮೆ ಹೇಳಿ.