ಬೋರ್ಡು ಓದುವ ಯಂತ್ರ: ಬಳಕೆದಾರರ ಕೈಪಿಡಿ
(ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರ ವಿಶೇಷ ಆವೃತ್ತಿ)

ಕನ್ನಡ ಓದುವ ಯಂತ್ರವನ್ನು ತಲೆಯಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ ನಿಲ್ದಾಣದವರೆಗೆ ಸುರಕ್ಷಿತವಾಗಿ ಬಂದಿದ್ದೀರಿ, ಅಭಿನಂದನೆಗಳು. ಕೈಪಿಡಿ ತಡವಾಗಿ ಕೈಸೇರುತ್ತಿದೆ ಎಂದು ಬೇಸರಿಸಬೇಡಿ. ಇದನ್ನು ಓದಲಿಕ್ಕೂ ಅದೇ ಯಂತ್ರ ಬೇಕಾದ್ದರಿಂದ ಮುಂಚಿತವಾಗಿ ಕೊಟ್ಟು ಪ್ರಯೋಜನವಿರಲಿಲ್ಲ.

1. ಯಂತ್ರ ಎಲ್ಲಿದೆ?

ಎಡಗಿವಿಯ ಹಿಂಬದಿಗೆ, ಮಿದುಳಿನ ತಳಭಾಗದಲ್ಲಿ. 2000ದಲ್ಲಿ ಫ್ರಾನ್ಸಿನ ಲೊರಾಂ ಕೊಯೆನ್, ಸ್ಟಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು ಈ ಜಾಗವನ್ನು ಪದಗಳ ರೂಪ ಗುರುತಿಸುವ ಪ್ರದೇಶವೆಂದು ಹೆಸರಿಸಿದರು. ಬರವಣಿಗೆಗೆ ಐದು ಸಾವಿರ ಚಿಲ್ಲರೆ ವರ್ಷದ ವಯಸ್ಸು. ಅಷ್ಟರಲ್ಲಿ ಅದಕ್ಕೆಂದೇ ಒಂದು ಅಂಗ ಬೆಳೆಸಲು ಪ್ರಕೃತಿಗೆ ಪುರಸೊತ್ತಾಗಲಿಲ್ಲ. ಆದ್ದರಿಂದ ಮುಖ, ವಸ್ತು ಗುರುತಿಸುವ ನರಕೋಶಗಳ ಕೇರಿಯಲ್ಲೇ ಒಂದಷ್ಟು ಜಾಗ ತೆರವು ಮಾಡಿಸಿ ಅಕ್ಷರಗಳನ್ನು ಕೂರಿಸಲಾಗಿದೆ. ತೆರವು ಕಾರ್ಯಾಚರಣೆ ನಡೆಸಿದವರು ನಿಮ್ಮ ಒಂದನೇ ತರಗತಿ ಮೇಷ್ಟ್ರು.

2. ಜೋಡಣೆ

ವರ್ಣಮಾಲೆಯ 49 ಅಕ್ಷರ ನೋಡಿ ಇಷ್ಟೇನಾ ಅನ್ನಬೇಡಿ. ಕಾಗುಣಿತ, ಒತ್ತಕ್ಷರ ಸೇರಿದರೆ ಬಿಡಿಭಾಗಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ಸಾಗಿಯೇ ಇತ್ತು. ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಯಂತ್ರ ಕೆಟ್ಟಿದೆಯೆಂದು ಗದರಬೇಡಿ. ಜೋಡಣೆ ನಡೆಯುತ್ತಿದೆ.

3. ಚಾಲನೆ

ಬೋರ್ಡಿನ ಕಡೆ ನೋಡಿ. ಅಷ್ಟೇ, ಗುಂಡಿ ಒತ್ತುವ ಅಗತ್ಯವಿಲ್ಲ. ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಎಂಬುದು ನಿಮ್ಮ ಭ್ರಮೆ, ಅದು ನೆಗೆಯುತ್ತದೆ. ನೆಗೆತದ ನಡುವೆ ಏನೂ ಓದುವುದಿಲ್ಲ. ನಿಂತಲ್ಲಿ ಸೆಕೆಂಡಿನ ಕಾಲು ಭಾಗ ನಿಂತು, ಓದಿ, ಮತ್ತೆ ನೆಗೆಯುತ್ತದೆ. ಸ್ಪಷ್ಟವಾಗಿ ಕಾಣುವ ಜಾಗವಾದರೂ ಎಷ್ಟು? ಚಾಚಿದ ಕೈಯ ಹೆಬ್ಬೆರಳಿನಷ್ಟು ಅಗಲ. ಗೋಲಪಾಸ್ವಾಮಿ ಬೆಟ್ಟದ ಬಸ್ಸು ಬಂತೆಂದು ಜನ ನುಗ್ಗುವ ಹೊತ್ತಿಗೆ ಇಷ್ಟೆಲ್ಲ ಮುಗಿದಿರುತ್ತದೆ. ಸ್ವಂತ ಗಾಡಿಯವರೂ ಬೆಟ್ಟದ ಬುಡದ ಅರಣ್ಯ ಚೆಕ್‌ಪೋಸ್ಟಿನಲ್ಲಿ ಇಳಿದು ಬಸ್ಸನ್ನೇ ಹತ್ತಬೇಕಾದ್ದರಿಂದ ಈ ಕಲಮು ಎಲ್ಲರಿಗೂ ಅನ್ವಯ.

4. ಒತ್ತಕ್ಷರ ಬಂದಾಗ

ಊರಿನ ಹೆಸರನ್ನೇ ನೋಡಿ: ಗುಂಡ್ಲುಪೇಟೆ. ನಾಲಿಗೆ ಹೇಳುವ ಕ್ರಮ ಡ್, ಲ್, ಉ. ಬೋರ್ಡಿನಲ್ಲಿ ಉಕಾರ ಡಕಾರದ ಮಗ್ಗುಲಿಗೆ ಅಂಟಿದೆ. ಆ ಉಕಾರದ ನಿಜವಾದ ಹಕ್ಕುದಾರ ಲಕಾರ ಕೆಳಗೆ ನೇತಾಡುತ್ತಿದೆ. ರಸ್ತೆ ಬದಿಯ ಸೂರ್ಯಕಾಂತಿ ಹೊಲಕ್ಕೆ ಬಂದರೆ ಮತ್ತೂ ವಿಚಿತ್ರ: ಮೊದಲು ಉಚ್ಚರಿಸಬೇಕಾದ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ನಿಂತಿದೆ. ಬರೆದ ಕ್ರಮದಲ್ಲೇ ಓದಿದರೆ 'ಸೂಯ್ರಕಾಂತಿ' ಆಗಬೇಕಿತ್ತು. ನಿಮಗೆ ಎಂದೂ ಹಾಗೆ ಆಗಿಲ್ಲ. ಯಂತ್ರ ಅಕ್ಷರವನ್ನು ಇಡಿಯಾಗಿ ಎತ್ತಿಕೊಂಡು, ಒಳಗೆ ಬಿಚ್ಚಿ, ಸರಿಯಾದ ಸರದಿಯಲ್ಲಿ ಜೋಡಿಸಿ ನಾಲಿಗೆಗೆ ಕೊಡುತ್ತದೆ.

5. ಸ್ವಯಂ ಪರೀಕ್ಷೆ

3ನೇ ಕಲಮಿನಲ್ಲಿ ಬೆಟ್ಟದ ಹೆಸರು 'ಗೋಲಪಾಸ್ವಾಮಿ' ಎಂದಿದೆ. ಗಮನಿಸದಿದ್ದರೆ ಯಂತ್ರ ಸುಸ್ಥಿತಿಯಲ್ಲಿದೆ. ಗಮನಿಸಿದ್ದರೆ ನೀವು ಕರಡು ತಿದ್ದುವ ವೃತ್ತಿಯವರಿರಬೇಕು. ಈಗ 'ಮಿಪಾಲಸ್ವಾಗೋ' ಓದಿ. ತಡವರಿಸಿತಲ್ಲ? ನಡುವಿನ ಅಕ್ಷರ ಅಕ್ಕಪಕ್ಕ ಸರಿದರೆ ಯಂತ್ರ ಕ್ಷಮಿಸುತ್ತದೆ, ಮೊದಲ, ಕೊನೆಯ ಅಕ್ಷರ ಕದಲಿಸಿದರೆ ಮುನಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಕಾಶ್ ಅಗ್ರವಾಲ್, ಕೆ.ವಿ.ಎಸ್. ಹರಿ, ಎಸ್.ಪಿ. ಅರುಣ್ 2020ರಲ್ಲಿ ಇದರ ಒಳಗುಟ್ಟು ವಿವರಿಸಿದರು: ನರಕೋಶಗಳು ಯಾವ ಅಕ್ಷರ, ಯಾವ ಸ್ಥಾನ ಎಂದು ಬಿಡಿಬಿಡಿಯಾಗಿ ಅಳೆದು ಮೊತ್ತ ಹಾಕುತ್ತವೆ. ಸ್ಥಾನ ಸ್ವಲ್ಪ ತಪ್ಪಿದರೆ ಮೊತ್ತ ಹೆಚ್ಚೇನೂ ಬದಲಾಗುವುದಿಲ್ಲ. ಬೇಗ ಓದುವವನು ಅಕ್ಷರ ಹಾರಿಸಲೇಬೇಕೆಂದಿಲ್ಲ. ಪದದ ಅಕ್ಷರಗಳನ್ನು ಒಟ್ಟಿಗೇ ಹಿಡಿಯಬಲ್ಲ.

6. ಮಂಜಿನಲ್ಲಿ ಬಳಕೆ

1,450 ಮೀಟರ್ ಎತ್ತರದಲ್ಲಿ ಮಂಜು ಮೊದಲು ನುಂಗುವುದು ಸಣ್ಣ ಗೆರೆಗಳನ್ನು. 'ಪ್ಲಾಸ್ಟಿಕ್ ನಿಷೇಧಿಸಲಾಗಿದೆ' ಎಂಬ ಬರಹದಲ್ಲಿ ಷಕಾರದ ಹೊಟ್ಟೆಯ ಗೆರೆ ಮಾಯವಾಗಿ ಪ ಆಗುತ್ತದೆ, ಧಕಾರದ ಅಡಿಯ ಸೀಳು ಮುಚ್ಚಿ ದ ಆಗುತ್ತದೆ. ಕಣ್ಣಿಗೆ ಬಿದ್ದದ್ದು 'ನಿಪೇದಿಸಲಾಗಿದೆ'. ನೀವು ಓದಿದ್ದು ಮಾತ್ರ ನಿಷೇಧ. 'ನಿಪೇದ' ಎಂಬ ಪದ ದಾಸ್ತಾನಿನಲ್ಲಿ ಇಲ್ಲವಾದ್ದರಿಂದ ಯಂತ್ರ ನಿಮ್ಮನ್ನು ಕೇಳದೆ ತಿದ್ದಿದೆ. ಬಿಡಿ ಅಕ್ಷರಕ್ಕಿಂತ ಪದದೊಳಗಿನ ಅಕ್ಷರವೇ ಚೆನ್ನಾಗಿ ಗುರುತು ಸಿಗುತ್ತದೆಂದು ಮನೋವಿಜ್ಞಾನಿ ರೈಕರ್ 1969ರಲ್ಲೇ ತೋರಿಸಿದ್ದರು. ಬಿಡಿಯಾಗಿ ಬರೆದ ಬಸ್ಸಿನ ನಂಬರಿಗೆ ಈ ಸೌಲಭ್ಯವಿಲ್ಲ: ಕನ್ನಡದ ೬ ಮತ್ತು ೭ ಮಂಜಿನಲ್ಲಿ ಕಂಡರೆ ಕಂಡಕ್ಟರನ್ನು ಕೇಳಿ.

7. ಎಚ್ಚರಿಕೆ

ಯಂತ್ರಕ್ಕೆ ಆಫ್ ಸ್ವಿಚ್ ಇಲ್ಲ. ಹಸಿರು ಶಾಯಿಯಲ್ಲಿ 'ಕೆಂಪು' ಎಂದು ಬರೆದು, ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತೊದಲುತ್ತದೆ. ಬೇಡವೆಂದರೂ ಪದ ಮೊದಲು ಓದಿಸಿಕೊಳ್ಳುತ್ತದೆ. ಮನೋವಿಜ್ಞಾನಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗಗಳ ತಿರುಳಿದು. ಆನೆ ಕಾಣಲಿ ಎಂದು ಕಿಟಕಿಗೆ ಕಣ್ಣು ನೆಟ್ಟವರೂ ತಿರುವಿಗೊಮ್ಮೆ 'ಕೈ ಹೊರಗೆ ಚಾಚಬೇಡಿ' ಎಂಬುದನ್ನು ಓದುತ್ತಲೇ ಬೆಟ್ಟ ಹತ್ತುತ್ತಾರೆ.

8. ಹಿಂತಿರುಗಿಸುವಿಕೆ ಮತ್ತು ವಿಸ್ತರಣೆ

ಮಾರಿದ ಯಂತ್ರ ವಾಪಸು ಪಡೆಯುವುದಿಲ್ಲ. 'ಬೆಟ್ಟ' ಎಂಬುದನ್ನು ಬರಿಯ ಗೀಟು ಸುರುಳಿಯಾಗಿ ನೋಡಲು ನಿಮ್ಮಿಂದ ಇನ್ನು ಸಾಧ್ಯವಿಲ್ಲ. ಯಂತ್ರವಿಲ್ಲದ ಕಾಲ ಹೇಗಿತ್ತೆಂದು ತಿಳಿಯಬೇಕಾದರೆ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ತರಕಾರಿ ಹೊತ್ತು ಹೊರಟ ಲಾರಿಯ ಮೇಲಿನ ಮಲಯಾಳಂ ಬರಹ ನೋಡಿ. ಅಕ್ಷರಗಳು ಒಂದರೊಳಗೊಂದು ಕಲಸಿಹೋದಂತೆ ಕಂಡೀತು. ಅರುಣ್ ಅವರ ತಂಡ 2019ರಲ್ಲಿ ತೆಲುಗು ಓದುವವರನ್ನೂ ಮಲಯಾಳಂ ಓದುವವರನ್ನೂ ಹೋಲಿಸಿದಾಗ ಇದೇ ಕಂಡಿತು: ಬಲ್ಲ ಲಿಪಿಯಲ್ಲಿ ಅಕ್ಷರಗಳು ಬಿಡಿಸಿ ನಿಲ್ಲುತ್ತವೆ, ಬಾರದ ಲಿಪಿಯಲ್ಲಿ ಅಂಟಿಕೊಳ್ಳುತ್ತವೆ. ಕಲಿಯಬೇಕೆನಿಸಿದರೆ ಹೊಸ ಯಂತ್ರ ಕೊಳ್ಳಬೇಕಿಲ್ಲ, ಹಳೆಯದರಲ್ಲೇ ಜಾಗವಿದೆ. ಜೋಡಣೆಯ ಅವಧಿಗೆ 2ನೇ ಕಲಮು ನೋಡಿ. ಮೇಷ್ಟ್ರ ವೆಚ್ಚ ಗ್ರಾಹಕರದೇ.